ನಿಸ್ಕಾರದ ಹುಳದ ನೋಂಬು

ವಾಮದಪದವಿಗೆ ಬಂದು ಅಬ್ದುಲ್ ಶುಕೂರ್ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಟ್ಟನೆ ಗೊತ್ತಾಗಲಿಕ್ಕಿಲ್ಲ. ಶುಕೂರಾಕ ಎಂದು ಕೇಳಿ. ಬಸ್ಸು ನಿಲ್ಲುವಲ್ಲಿಂದ ಮೀನಿನ ಅಂಗಡಿಯವರೆಗೆ ಯಾರೇ ಆದರೂ ಮೊದಲು ಒಂದು ನಗೆ ನಕ್ಕು ಆಮೇಲೆ ದಾರಿ ತೋರಿಸುತ್ತಾರೆ. ಆ ನಗೆ ಯಾಕೆ ಎಂದು ಹೇಳಬೇಕಾದರೆ ಹುಳದಿಂದಲೇ ಶುರು ಮಾಡಬೇಕು. ಹುಳ ಎಂದ ಕೂಡಲೇ ಮೂಗು ಮುರಿಯುವವರು ಸ್ವಲ್ಪ ತಾಳಿಕೊಳ್ಳಿ. ಅವರ ಹೆಂಡತಿ ಬೀಬಿಯೂ ಮೊದಮೊದಲು ಮೂಗು ಮುರಿದವರೇ.

ಶುಕೂರಾಕ ಇಪ್ಪತ್ತೆಂಟು ವರ್ಷ ಸೌದಿಯ ಜುಬೈಲಿನಲ್ಲಿ ಎಸಿ ರಿಪೇರಿ ಮಾಡಿದವರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವುದು, ಕಣ್ಣು ಮಿಟುಕಿಸುವುದರೊಳಗೆ ಹಿಂದೆ ಹೋಗುವುದು. ಮನೆ ಕಟ್ಟಿಸಿದ್ದೂ ಹಾಗೆಯೇ, ಕಂತಿನಲ್ಲಿ. ಒಂದು ರಜೆಯಲ್ಲಿ ತಳದ ಪಂಚಾಂಗ, ಇನ್ನೊಂದು ರಜೆಯಲ್ಲಿ ತಾರಸಿ. ಟೈಲ್ಸ್ ಹಾಕಿದ್ದನ್ನು ಅವರು ಕಂಡದ್ದು ಮೊಬೈಲಿನ ಫೋಟೋದಲ್ಲಿ. ಕಂಪೆನಿಯವರು ಇನ್ನು ಸಾಕು ಎಂದ ಮೇಲೆ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಖಾಯಂ ಆಗಿ ಬಂದಿಳಿದರು. ಆದರೆ ಊರಿಗೆ ಅದು ತಲೆಗೇ ಹೋಗಲಿಲ್ಲ. ವರ್ಷ ಕಳೆದ ಮೇಲೂ ದಾರಿಯಲ್ಲಿ ಸಿಕ್ಕವರು ಕೇಳುವುದು ಅದೇ ಮಾತು, ಯಾವಾಗ ಬಂದದ್ದು, ಎಷ್ಟು ರಜೆ ಉಂಟು. ರಜೆ ಇಲ್ಲ, ಬಂದೇ ಬಿಟ್ಟೆ ಎಂದರೆ ಪಾಪ ಎನ್ನುವ ಹಾಗೆ ನೋಡುತ್ತಿದ್ದರು.

ಊರು ಹೋಗಲಿ, ಮನೆಯೂ ಹಾಗೆಯೇ ಇತ್ತು. ಮಗ ಅಜ್ಮಲ್ ಬೆಳಿಗ್ಗೆ ಬಿ.ಸಿ.ರೋಡಿನ ಟಯರ್ ಅಂಗಡಿಗೆ ಹೋದರೆ ಬರುವುದು ರಾತ್ರಿ. ಸೊಸೆ ಶಮ್ನಾ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಉಳಿದ ಎಲ್ಲಕ್ಕೂ ಬೀಬಿ. ಗ್ಯಾಸಿನವನು, ತೆಂಗಿನಕಾಯಿ ಕೀಳುವವನು, ಬ್ಯಾಂಕು, ಕರೆಂಟಿನ ಬಿಲ್ಲು, ಎಲ್ಲ ಅವರ ಬೆರಳ ತುದಿಯಲ್ಲಿ. ಒಮ್ಮೆ ಬಾವಿಯ ಪಂಪು ನಿಂತಿತು. ಇಪ್ಪತ್ತೆಂಟು ವರ್ಷ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿದ ಶುಕೂರಾಕ ಉತ್ಸಾಹದಿಂದ ಸ್ಕ್ರೂಡ್ರೈವರ್ ಹುಡುಕಿ ತರುವಷ್ಟರಲ್ಲಿ ಬೀಬಿ ಫೋನು ಮಾಡಿ, ಪಂಪಿನವನು ಬಂದು, ಸರಿಮಾಡಿ, ಚಾ ಕುಡಿಯುತ್ತಿದ್ದ. ಬೀಬಿಯದ್ದು ತಪ್ಪಲ್ಲ. ಗಂಡ ಇಲ್ಲದೆ ಮನೆ ನಡೆಸಿ ಅಭ್ಯಾಸವಾದ ಕೈ ಅದು. ಆದರೆ ತಾನು ದುಡಿದು ಕಟ್ಟಿಸಿದ ಮನೆಯಲ್ಲಿ ತನಗೆ ಒಂದು ಮೂಲೆ ಇಲ್ಲ ಎನ್ನುವುದು ಶುಕೂರಾಕನಿಗೆ ಒಳಗೊಳಗೇ ಕೊರೆಯುತ್ತಿತ್ತು. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು ಕೂತರೆ ಸಂಜೆ ಗುಡಿಸುವಾಗ ಅದು ಪುನಃ ಗೋಡೆಗೆ ಹೋಗಿರುತ್ತಿತ್ತು. ನೆಂಟರ ಮನೆಯಲ್ಲಿ ಜಗಳ ಮಾಡಲಿಕ್ಕಾಗುತ್ತದೆಯೇ?

ಹಾಗಿರುವಾಗ ಒಂದು ಮುಸ್ಸಂಜೆ ಜಗಲಿಯ ಟ್ಯೂಬ್‌ಲೈಟಿಗೆ ಒಂದು ಹಸಿರು ಹುಳ ಬಂತು. ಉದ್ದ ಕುತ್ತಿಗೆ, ಮೂರು ಮೂಲೆಯ ತಲೆ, ಮುಂಗಾಲೆರಡನ್ನೂ ಎದೆಯ ಹತ್ತಿರ ಮಡಚಿ ನಿಂತದ್ದು. ಶುಕೂರಾಕ ಹತ್ತಿರ ಹೋದರೆ ಹಾರಲಿಲ್ಲ. ತಲೆಯನ್ನು ಮೆಲ್ಲಗೆ ತಿರುಗಿಸಿ ಅವರ ಮುಖವನ್ನೇ ನೋಡಿತು. ಈ ಮನೆಯಲ್ಲಿ ಕೆಲಸ ಬಿಟ್ಟು ನನ್ನನ್ನು ನೋಡಿದ್ದು ಇದೊಂದೇ ಎಂದು ಅವರಿಗೆ ಅನಿಸಿತಂತೆ. ಅದು ದೊಡ್ಡ ಸುಳ್ಳು, ಬೀಬಿ ಅವರನ್ನು ನೋಡದ ದಿನವಿಲ್ಲ. ಆದರೆ ಮನುಷ್ಯನಿಗೆ ಅನಿಸುವುದಕ್ಕೆ ಯಾರು ಅಡ್ಡ ಬರುತ್ತಾರೆ?

ಶಮ್ನಾ ನೋಡಿ, ಇದು ಸೂರ್ಯನ ಕುದುರೆ, ನಾವು ಶಾಲೆಯಲ್ಲಿ ಕಲಿತಿದ್ದೇವೆ ಎಂದಳು. ಬೀಬಿ ಅಡುಗೆಮನೆಯ ಬಾಗಿಲಿನಿಂದಲೇ, ನಮ್ಮ ಅಜ್ಜಿ ಇದನ್ನು ನಿಸ್ಕಾರದ ಹುಳ ಎನ್ನುತ್ತಿದ್ದರು ಎಂದರು. ನಿಸ್ಕಾರ ಎಂದರೆ ನಮಾಜು. ಕೈ ಕಟ್ಟಿ ನಿಂತ ಆ ಭಂಗಿ ನೋಡಿದರೆ ಹೆಸರು ಸರಿಯಾಗಿಯೇ ಇತ್ತು. ಹೆಸರು ಹೇಳಿದ್ದೇ ತಪ್ಪಾಯಿತು. ನಿಸ್ಕಾರ ಮಾಡುವುದನ್ನು ಹೊರಗೆ ಓಡಿಸುವುದು ಹೇಗೆ ಎಂದು ಶುಕೂರಾಕ ಅದನ್ನು ಒಳಗೆ ತಂದೇ ಬಿಟ್ಟರು.

ಇಡುವುದೆಲ್ಲಿ? ಊಟದ ಮೇಜಿನ ಮೇಲೆ ತಿಂಡಿಗೆ ನೊಣ ಕೂರದ ಹಾಗೆ ಮುಚ್ಚುವ ಒಂದು ಬಲೆಯ ಕೊಡೆ ಇತ್ತು, ಅವರೇ ಜುಬೈಲಿನಿಂದ ತಂದದ್ದು. ಅದನ್ನು ಬಿಡಿಸಿ, ಒಳಗೊಂದು ಕರಿಬೇವಿನ ಗೆಲ್ಲು ನಿಲ್ಲಿಸಿ, ಜಗಲಿಯ ಕಿಟಕಿಯ ದಂಡೆಯಲ್ಲಿಟ್ಟರು. ಬೀಬಿಗೆ ಸಿಟ್ಟು ಬಂದದ್ದು ಹುಳಕ್ಕಿಂತ ಹೆಚ್ಚು ಕೊಡೆಯ ಮೇಲೆ. ಶುಕೂರಾಕ ಪೇಟೆಯಿಂದ ಹೊಸ ಕೊಡೆ ತಂದುಕೊಟ್ಟರೂ, ಆ ಹಳತರ ಬಟ್ಟೆ ಇದಕ್ಕಿಲ್ಲ ಎಂದು ದಿನಾ ಗೊಣಗುತ್ತಿದ್ದರು.

ಆಮೇಲೆ ಊಟದ ಪ್ರಶ್ನೆ. ಅದಕ್ಕೆ ಜೀವಂತ ಆಹಾರವೇ ಆಗಬೇಕು, ಸತ್ತದ್ದನ್ನು ಮೂಸಿಯೂ ನೋಡದು. ಮಿಡತೆ ಗುಡ್ಡೆಯಲ್ಲಿ ಸಿಗುತ್ತದೆ. ಆದರೆ ಶುಕೂರಾಕನ ಮೊಣಕಾಲಿಗೆ ಗುಡ್ಡೆ ದಿನಾ ಆಗುವುದಿಲ್ಲ. ನೊಣ ಹೇರಳವಾಗಿ ಸಿಗುವ ಜಾಗ ಊರಲ್ಲಿ ಒಂದೇ. ಮೀನಿನ ಅಂಗಡಿಯ ಎದುರು ಖಾಲಿ ಬಾಟಲಿ ಹಿಡಿದು ನಿಂತ ಅವರನ್ನು ಎದುರಿನ ಹೋಟೆಲಿನ ಸಂಕಪ್ಪ ಕಂಡ. ಗಿರಾಕಿ ಇಲ್ಲದವರನ್ನು ನೊಣ ಹೊಡೆಯುವವರು ಎನ್ನುವುದು ಎಲ್ಲ ಕಡೆ ಉಂಟಲ್ಲ, ಸಂಕಪ್ಪನಿಗೆ ಅಷ್ಟು ಸಾಕಾಯಿತು. ಗಲ್ಫಿನಲ್ಲಿ ಎಸಿ, ಊರಲ್ಲಿ ನೊಣ, ಶುಕೂರಾಕನಿಗೆ ಪ್ರಮೋಷನ್ ಆಗಿದೆ ಎಂದು ಅವನು ಹೇಳಿದ ಮಾತು ಸಂಜೆಯೊಳಗೆ ಊರೆಲ್ಲ ತಿರುಗಿತು. ಮರುದಿನದಿಂದ ರಜೆಯ ಪ್ರಶ್ನೆ ನಿಂತಿತು. ಅದರ ಜಾಗದಲ್ಲಿ, ಇವತ್ತು ನೊಣ ಎಷ್ಟು ಸಿಕ್ಕಿತು ಎಂಬ ಪ್ರಶ್ನೆ ಬಂತು. ಶುಕೂರಾಕ ಅದಕ್ಕೂ ನಗುತ್ತಿದ್ದರು. ಬೇಜಾರಾಗಲಿಲ್ಲ ಎಂದಲ್ಲ, ತೋರಿಸಲಿಲ್ಲ.

ಮೊದಲ ಹುಳಕ್ಕೆ ಬರುವಾಗಲೇ ವಯಸ್ಸಾಗಿತ್ತು. ರೆಕ್ಕೆಯ ಅಂಚು ಹರಿದಿತ್ತು. ಹೆಚ್ಚು ದಿನ ಬಾಳಲಿಲ್ಲ. ಅದರ ನಂತರ ಗೇರುಗುಡ್ಡೆಯಲ್ಲಿ ಒಂದು ಮರಿ ಸಿಕ್ಕಿತು, ಹೆಬ್ಬೆರಳಿನ ಉಗುರಿನಷ್ಟು ಉದ್ದ, ರೆಕ್ಕೆಯೇ ಇಲ್ಲದ್ದು. ಇದನ್ನು ಶುಕೂರಾಕ ನಿಜವಾಗಿ ಸಾಕಿದರು. ಬೆಳಿಗ್ಗೆ ಎಲೆಗೆ ನೀರು ಚಿಮುಕಿಸುವುದು, ಅದು ಹನಿಗೆ ಬಾಯಿ ಹಚ್ಚಿ ಕುಡಿಯುವುದನ್ನು ನೋಡುವುದು, ಉಂಡ ಮೇಲೆ ಬೆಕ್ಕಿನ ಹಾಗೆ ಕೈ ನೆಕ್ಕಿಕೊಳ್ಳುವುದನ್ನು ನೋಡಿ ಒಬ್ಬರೇ ನಗುವುದು. ಅದು ಒಮ್ಮೆ ಊಟ ಬಿಟ್ಟಾಗ ಕಾಯಿಲೆ ಎಂದು ಹೆದರಿ ಸೊಸೆಯ ಹತ್ತಿರ ಔಷಧಿ ಕೇಳಿದ್ದರು. ಕೆಲವು ದಿನ ಬಿಟ್ಟು ಹುಳ ಬಲೆಗೆ ತಲೆಕೆಳಗಾಗಿ ನೇತು ಹಾಕಿಕೊಂಡಿತು. ಬೆನ್ನು ಬಿರಿಯಿತು, ಹಳೆಯ ಚರ್ಮದಿಂದ ಹೊಸ ಹುಳ ಜಾರಿ ಬಂತು, ಮೊದಲಿಗಿಂತ ದೊಡ್ಡದು. ಪೊರೆ ಬಿಡುವ ಮೊದಲು ಅದು ತಿನ್ನುವುದಿಲ್ಲ ಎಂದು ಅವರು ಕಲಿತದ್ದು ಹಾಗೆ. ಇನ್ನೊಂದೂ ಕಲಿತರು. ನೇತಾಡುವ ಹೊತ್ತಿಗೆ ಯಾರಾದರೂ ಅಲುಗಾಡಿಸಿ ಅದು ಕೆಳಗೆ ಬಿದ್ದರೆ ಕೈಕಾಲು ಸೊಟ್ಟಗಾಗಿ ಸತ್ತೇ ಹೋಗುತ್ತದೆ. ಆಮೇಲೆ ತಂದ ಇನ್ನೊಂದು ಹುಳ ಹಾಗೆಯೇ ಹೋಯಿತು.

ರಂಝಾನಿಗೆ ಸ್ವಲ್ಪ ಮೊದಲು ಬೀಬಿ ಕಡ್ಡಿ ಮುರಿದ ಹಾಗೆ ಹೇಳಿದರು, "ಪೆರ್ನಾಲಿಗೆ ಮನೆ ತೊಳೆಯುವಾಗ ಇದು ಇಲ್ಲಿ ಇರ್ಬಾರ್ದು. ಗುಡ್ಡೆಗೆ ಬಿಟ್ಟು ಬನ್ನಿ."

ಹಬ್ಬಕ್ಕೆ ನೆಂಟರು ಬರುವ ಜಗಲಿ, ಹೇಳಿದ್ದರಲ್ಲಿ ನ್ಯಾಯವಿತ್ತು. ಶುಕೂರಾಕ ತಲೆಯಾಡಿಸಿದರು. ಆದರೆ ಕಿಟಕಿಯ ಆ ದಂಡೆ ಇಡೀ ಮನೆಯಲ್ಲಿ ಅವರದ್ದಾಗಿದ್ದ ಒಂದೇ ಜಾಗ. ಅದು ಹೋದರೆ ತಾನು ಪುನಃ ರಜೆಯಲ್ಲಿ ಬಂದವನೇ ಎಂಬ ಸಂಕಟ ಅವರನ್ನು ಬಿಡಲಿಲ್ಲ. ಹೆಂಡತಿಗೆ ಅದನ್ನು ಬಾಯಿ ಬಿಟ್ಟು ಹೇಳಬಹುದಿತ್ತು. ಇಷ್ಟು ವರ್ಷ ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದೇ ಹೇಳಿದ ನಾಲಿಗೆಗೆ ಅದು ಬರಲಿಲ್ಲ.

ಆ ವಾರವೇ ಬೀಬಿ ವೇಣೂರಿನ ಕಡೆ ಒಂದು ಮದುವೆಗೆ ಹೋಗಿ ಬಂದರು. ಬಂದವರು ಬುರ್ಖಾ ತೆಗೆದಿಟ್ಟು, ತೊಳೆದಿಟ್ಟ ಪಾತ್ರೆಗಳನ್ನೇ ಪುನಃ ತಿಕ್ಕಿದರು. ಬಿರಿಯಾನಿ ಹೇಗಿತ್ತು ಎಂದು ಶುಕೂರಾಕ ಕೇಳಿದ್ದಕ್ಕೆ ಉಪ್ಪು ಹೆಚ್ಚು ಎಂದಷ್ಟೇ ಹೇಳಿದರು. ಸೆಕೆಗೆ ತಲೆನೋವಿರಬೇಕು ಎಂದುಕೊಂಡು ಶುಕೂರಾಕ ಹೆಚ್ಚು ಕೇಳಲಿಲ್ಲ.

ನೋಂಬು ಶುರುವಾಯಿತು. ಮನೆಯವರೆಲ್ಲ ಉಪವಾಸ ಹಿಡಿದ ಬೆನ್ನಿಗೇ ಕಿಟಕಿಯಲ್ಲಿದ್ದ ಗೇರುಗುಡ್ಡೆಯ ಹುಳವೂ ಊಟ ಬಿಟ್ಟಿತು. ಅದರ ಬೆನ್ನಿನ ಮೇಲೆ ರೆಕ್ಕೆಯ ಮೊಗ್ಗು ಉಬ್ಬಿದ್ದನ್ನು ಶುಕೂರಾಕ ನೋಡಿದ್ದರು. ಇದು ಕೊನೆಯ ಪೊರೆ, ಇದಾದ ಮೇಲೆ ರೆಕ್ಕೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವರು ಸುಮ್ಮನೆ ಕಾಯುತ್ತಿದ್ದರು.

ಪಕ್ಕದ ಮನೆಯ ಪ್ರೇಮಾವತಿ ತೊಂಡೆಕಾಯಿ ಕೊಡಲಿಕ್ಕೆ ಬಂದವರು ಕಿಟಕಿಗೆ ಬಗ್ಗಿ, ಇದು ಯಾಕೆ ಬೀಬಿಯಕ್ಕ, ಮಿಡತೆ ಎದುರಿಗೇ ಇದ್ದರೂ ಮುಟ್ಟುವುದಿಲ್ಲ ಎಂದರು. ಬೀಬಿ ಚಾಪೆ ಕೊಡವುತ್ತಾ ಹೇಳಿದ್ದನ್ನು ಶುಕೂರಾಕ ಒಳಗಿನಿಂದ ಕೇಳಿದರು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನೀರು ಸಹ ಮುಟ್ಲಿಲ್ಲ."

ಪ್ರೇಮಾವತಿಯ ಕಣ್ಣು ಅರಳಿತು. ಮತ್ತೆ ಹೇಳಬೇಕೇ? ಅವರು ಹಾಲಿನ ಸೊಸೈಟಿಗೆ ದಿನಾ ಎರಡು ಸಲ ಹೋಗುವವರು. ಹಾಲಿಗಿಂತ ಮೊದಲು ಸುದ್ದಿ ಮುಟ್ಟಿತು, ಬೀಬಿಯಕ್ಕನ ಮನೆಯಲ್ಲಿ ಹುಳವೂ ನೋಂಬು ಹಿಡಿದಿದೆ ಎಂದು. ಮರುದಿನದಿಂದ ಜನ. ಇಳಿಮಧ್ಯಾಹ್ನದ ಅಸರ್ ಹೊತ್ತಿಗೆ ಹೆಂಗಸರು, ಶಾಲೆ ಬಿಟ್ಟ ಮೇಲೆ ಮಕ್ಕಳು, ಮುಸ್ಸಂಜೆಯ ಮಗ್ರಿಬ್ ನಿಸ್ಕಾರಕ್ಕೆ ಮೊದಲು ಪಳ್ಳಿಗೆ ಹೋಗುವ ದಾರಿಯಲ್ಲಿ ಗಂಡಸರು. ಬಂದವರೆಲ್ಲ ಬೀಬಿಯನ್ನು ಕೇಳುವುದು, ಬೀಬಿ ಅದೇ ಮಾತು ಹೇಳುವುದು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಯಾರೋ ಪಳ್ಳಿಯ ಉಸ್ತಾದರನ್ನು ಕೇಳಿದರಂತೆ. ಅವರು ನಕ್ಕು, ನೋಂಬು ಮನುಷ್ಯರಿಗೆ ಕಡ್ಡಾಯ, ಹುಳದ ಸಂಗತಿ ಹುಳಕ್ಕೂ ಅದನ್ನು ಸೃಷ್ಟಿಸಿದವನಿಗೂ ಗೊತ್ತು ಎಂದು ಹೇಳಿ ಕಳಿಸಿದರು. ಇಲ್ಲ ಎಂದು ಅವರು ಹೇಳಲಿಲ್ಲವಲ್ಲ ಎಂದು ಜನ ಇನ್ನಷ್ಟು ಬಂದರು. ಸಂಕಪ್ಪನೂ ಒಂದು ದಿನ ಹೋಟೆಲು ಬಿಟ್ಟು ಬಂದ. ಚಪ್ಪಲಿ ಹೊರಗೆ ಬಿಟ್ಟು, ಕೈ ಹಿಂದೆ ಕಟ್ಟಿ ನೋಡಿ, ನೀವು ಪುಣ್ಯವಂತರು ಮಾರಾಯ್ರೆ ಎಂದು ಶುಕೂರಾಕನಿಗೆ ಹೇಳಿ ಹೋದ. ನೊಣದ ಮಾತು ಎತ್ತಲಿಲ್ಲ.

ಶುಕೂರಾಕನಿಗೆ ಮಾತ್ರ ಮುಳ್ಳಿನ ಮೇಲೆ ಕೂತ ಹಾಗಾಯಿತು. ಪಾಪ, ಬೀಬಿ ನಿಜವಾಗಿ ನಂಬಿದ್ದಾಳೆ ಎಂದು ಅವರ ಎಣಿಕೆ. ಬೀಬಿ ನೋಂಬಿನ ತಿಂಗಳಲ್ಲಿ ಎಂಥಾ ಕಟ್ಟುನಿಟ್ಟೆಂದರೆ, ನೋಂಬು ಹಿಡಿದು ಸುಳ್ಳು ಹೇಳಿದರೆ ಹಸಿವು ಮಾತ್ರ ಲಾಭ ಎಂದು ತರಕಾರಿಯವನ ಹತ್ತಿರ ಚೌಕಾಸಿ ಸಹ ಮಾಡುತ್ತಿರಲಿಲ್ಲ. ಅಂಥವಳು ಊರೆಲ್ಲ ಸಾರಿದ ಮೇಲೆ, ಇದು ನೋಂಬಲ್ಲ ಪೊರೆ ಎಂದು ತಾನೇ ಹೇಳಿದರೆ ಅವಳ ಮುಖ ಎಲ್ಲಿ ಉಳಿಯುತ್ತದೆ? ಹೇಳದಿದ್ದರೆ ತನ್ನ ಮೇಲೆ ಪಾಪ. ಹೇಳಿದರೆ ಹುಳ ಗುಡ್ಡೆಗೆ, ಕಿಟಕಿಯ ದಂಡೆ ಖಾಲಿ. ಅವರು ಹೇಳಲಿಲ್ಲ. ಬಂದವರು ಬಲೆ ಮುಟ್ಟದ ಹಾಗೆ ಪಕ್ಕದಲ್ಲಿ ಕುರ್ಚಿ ಹಾಕಿ ಕಾವಲು ಕೂತರು. ಆ ಕುರ್ಚಿ ಗೋಡೆಗೆ ಹೋಗುವುದು ನಿಂತದ್ದು ಅವರ ಗಮನಕ್ಕೆ ಬರಲೇ ಇಲ್ಲ.

ಒಂದು ಬೆಳಿಗ್ಗೆ ಸುಬ್‌ಹಿ ನಿಸ್ಕಾರ ಮುಗಿಸಿ ಬರುವಾಗ ಹುಳ ತಲೆಕೆಳಗಾಗಿ ನೇತಾಡುತ್ತಿತ್ತು. ಶುಕೂರಾಕ ಫ್ಯಾನು ನಿಲ್ಲಿಸಿ ಕೂತರು. ಬೆನ್ನು ಬಿರಿಯಿತು. ಮೆತ್ತಗಿನ ಹಸಿರು ದೇಹ ಇಳಿಯಿತು, ಕಾಲುಗಳು ಒಂದೊಂದಾಗಿ ಬಿಡಿಸಿಕೊಂಡವು, ಬೀಳುತ್ತದೋ ಎನ್ನುವಷ್ಟರಲ್ಲಿ ಮೇಲೆ ತಿರುಗಿ ತನ್ನದೇ ಹಳೆಯ ಚರ್ಮವನ್ನು ಹಿಡಿದುಕೊಂಡಿತು. ಮುದುಡಿದ ರೆಕ್ಕೆ ಮೆಲ್ಲ ಮೆಲ್ಲ ಬಿಚ್ಚಿ ಹಾಲಿನ ಬಣ್ಣಕ್ಕೆ ಬಂದು, ಬಿಸಿಲು ಏರುವಾಗ ಎಳೆ ಬಾಳೆಯ ಎಲೆಯ ಬಣ್ಣವಾಯಿತು. ಶುಕೂರಾಕನ ಕಣ್ಣಲ್ಲಿ ನೀರು ಬಂತು. ಮಗ ಹುಟ್ಟಿದಾಗ, ಮಗ ನಡೆದಾಗ ಅವರು ಇಲ್ಲಿರಲಿಲ್ಲ.

ಆ ವಾರ ಪಳ್ಳಿಗೆ ನೋಂಬು ಬಿಡುವ ತಿಂಡಿ ಕಳಿಸುವ ಪಾಳಿ ಬೀಬಿಯ ಮನೆಯದ್ದು. ರೆಕ್ಕೆ ಬಂದು ಎರಡು ದಿನ ಬಿಟ್ಟು, ಮಧ್ಯಾಹ್ನ ಕಳೆದ ಮೇಲೆ ಹತ್ತಿರದ ಹೆಂಗಸರೆಲ್ಲ ಜಗಲಿಯಲ್ಲಿ ಚಾಪೆ ಹಾಸಿ ಸಮೋಸ ಮಡಚಲು ಕೂತಿದ್ದರು. ಪ್ರೇಮಾವತಿಯೂ ಕಲ್ಲಂಗಡಿ ಕೊಯ್ದು ಕೊಡಲಿಕ್ಕೆ ಬಂದಿದ್ದರು. ರೆಕ್ಕೆ ಗಟ್ಟಿಯಾದ ಹುಳಕ್ಕೆ ಹಸಿವಾಗಿರಬೇಕು ಎಂದು ಶುಕೂರಾಕ ಬೆಳಿಗ್ಗೆಯೇ ಒಂದು ದಪ್ಪ ಮಿಡತೆಯನ್ನು ಬಲೆಯೊಳಗೆ ಬಿಟ್ಟಿದ್ದರು. ತಿನ್ನುವುದಾದರೆ ಯಾರೂ ಇಲ್ಲದ ಹೊತ್ತಿಗೆ ತಿನ್ನಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದರು. ಹುಳಕ್ಕೆ ಇಂಥ ಸೂಕ್ಷ್ಮ ಎಲ್ಲಿ ಗೊತ್ತಾಗಬೇಕು? ಅಷ್ಟು ಹೆಂಗಸರು ನೋಡುತ್ತಿರುವಂತೆ ಅದರ ಮುಂಗೈ ಚಕ್ಕನೆ ಚಾಚಿತು. ಮಿಡತೆ ಸಿಕ್ಕಿತು. ಹುಳ ಅದನ್ನು ತಲೆಯ ಕಡೆಯಿಂದ ಜೋಳದ ತೆನೆ ತಿನ್ನುವ ಹಾಗೆ ತಿನ್ನತೊಡಗಿತು.

ಸಮೋಸ ಮಡಚುವ ಕೈಗಳೆಲ್ಲ ನಿಂತವು. ಮೂಲೆಮನೆಯ ಶಿಫಾನಾ, ನೋಂಬು ಮುರಿಯಿತಲ್ಲ ಎಂದು ಮೆಲ್ಲಗೆ ಹೇಳಿ ಬಾಯಿಗೆ ಸೆರಗು ಹಿಡಿದಳು. ಎಲ್ಲರೂ ಬೀಬಿಯ ಮುಖ ನೋಡಿದರು. ಹೆಂಡತಿಯ ಮಾನ ಹೋಗುವುದನ್ನು ನೋಡಿಕೊಂಡು ಕೂರುವುದಕ್ಕಿಂತ ಹುಳ ಗುಡ್ಡೆಗೆ ಹೋಗಲಿ ಎಂದು ಶುಕೂರಾಕ ಎದ್ದು ನಿಂತು, ತಪ್ಪು ನನ್ನದು, ನಾನು ಮೊದಲೇ ಹೇಳಬೇಕಿತ್ತು ಎಂದು ಶುರುಮಾಡಿದರು.

ಬೀಬಿ ತಲೆ ಎತ್ತಲಿಲ್ಲ. ಸಮೋಸದ ಅಂಚಿಗೆ ಮೈದಾದ ಅಂಟು ಸವರುತ್ತಲೇ ಕೇಳಿದರು, "ನೋಂಬು ಅಂತ ಯಾರು ಹೇಳಿದ್ದು?"

ನೀವೇ ಅಲ್ಲವಾ ಬೀಬಿಯಕ್ಕ ಎಂದರು ಪ್ರೇಮಾವತಿ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಹೇಳಿದ್ದೇನೆ. ಆವತ್ತು ತಿಂದಿತ್ತಾ? ಇವತ್ತು ತಿನ್ತಾ ಉಂಟು. ಇವತ್ತು ಕೇಳಿದ್ರೆ ತಿನ್ತಾ ಉಂಟು ಅಂತ ಹೇಳ್ತೇನೆ."

ನೋಂಬು ಎಂಬ ಶಬ್ದವನ್ನು ಮೊದಲು ಹೇಳಿದವರು ತಾನೇ ಎಂದು ಪ್ರೇಮಾವತಿಗೆ ಆಗ ಹೊಳೆಯಿತು. ಮೊದಲು ನಕ್ಕವರೂ ಅವರೇ. ಆಮೇಲೆ ಜಗಲಿ ಇಡೀ ನಕ್ಕಿತು, ಅಂಟು ಹಚ್ಚಿದ ಸಮೋಸಗಳೆಲ್ಲ ಬಿಚ್ಚಿಕೊಂಡವು. ಹಾಗಾದರೆ ಅದು ಇಷ್ಟು ದಿನ ಯಾಕೆ ತಿನ್ನಲಿಲ್ಲ ಎಂದು ಶಿಫಾನಾ ಕೇಳಿದಳು. ಶುಕೂರಾಕ ಹೇಳಿದರು. ರೆಕ್ಕೆ ಬಂದ ಕಥೆ ಕೇಳುತ್ತಾ ಹೆಂಗಸರು ಎದ್ದು ಬಂದು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಇಷ್ಟು ಜನ ತನ್ನ ಮಾತನ್ನು ಕೊನೆಯವರೆಗೆ ಕೇಳಿದ್ದು ಶುಕೂರಾಕನಿಗೆ ಹೊಸತು.

ಅವತ್ತು ಮಗ್ರಿಬ್ ಆಗಿ, ಗಂಜಿ ಕುಡಿದು, ಸೊಸೆ ಮಗ ಒಳಗೆ ಹೋದ ಮೇಲೆ ಶುಕೂರಾಕ ಅಡುಗೆಮನೆಗೆ ಬಂದರು. ಬೀಬಿ ಒಬ್ಬರೇ ಲೋಟ ತೊಳೆಯುತ್ತಿದ್ದರು. ಪೊರೆಯ ಸಂಗತಿ ನಿನಗೆ ಗೊತ್ತಿರಲಿಲ್ಲ ಎಂದುಕೊಂಡೆ ಎಂದು ಶುಕೂರಾಕ ತಡವರಿಸಿದರು.

"ಗೊತ್ತಿಲ್ಲದೆ ಏನು. ಅದು ಬಿಟ್ಟ ಪೊರೆಯನ್ನೆಲ್ಲ ಗುಡಿಸುವುದು ಯಾರು?"

ಹಾಗಾದರೆ ಜನರೆಲ್ಲ ನೋಂಬು ಎಂದು ಹೇಳಿಕೊಂಡು ಬರುವಾಗ ಸುಮ್ಮನಿದ್ದದ್ದು ಯಾಕೆ ಎಂದು ಅವರು ಕೇಳಿದರು. ಬೀಬಿ ನಳ್ಳಿ ನಿಲ್ಲಿಸಿದರು. ಕೈ ಒರೆಸಿಕೊಳ್ಳಲಿಲ್ಲ, ತಿರುಗಿ ನೋಡಲೂ ಇಲ್ಲ.

"ಆ ಮದುವೆಯಲ್ಲಿ ನಾಲ್ಕು ಜನ ಕೂತು ನಿಮ್ಮನ್ನು ನಗಾಡಿದ್ರು. ನೊಣ ಹಿಡಿಯುವವ ಅಂತ. ನಾನು ಹಿಂದೆಯೇ ಕೂತಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ." ಲೋಟವನ್ನು ಬೋರಲು ಇಟ್ಟು ಪುನಃ ಹೇಳಿದರು, "ಅಷ್ಟು ವರ್ಷ ನೀವು ಅಲ್ಲಿ ಏನು ತಿಂದ್ರಿ, ಎಲ್ಲಿ ಮಲಗಿದ್ರಿ, ಯಾರು ಏನು ಹೇಳಿದ್ರು, ನಂಗೆ ಒಂದೂ ಗೊತ್ತಿಲ್ಲ. ಅಲ್ಲಿ ನಿಮ್ಮ ಪರವಾಗಿ ಒಂದು ಮಾತು ಹೇಳ್ಲಿಕ್ಕೆ ನಾನಿರ್ಲಿಲ್ಲ. ಇಲ್ಲಿ ಇದ್ದೇನಲ್ಲ."

ಶುಕೂರಾಕ ಮಣೆ ಎಳೆದು ಅಲ್ಲೇ ಕೂತರು. ತಾನು ಮನೆಯಲ್ಲಿ ಒಂದು ಮೂಲೆ ಹುಡುಕುತ್ತಿದ್ದಾಗ ಈ ಹೆಂಗಸು ತನಗಾಗಿ ಇಡೀ ಊರಿನ ಬಾಯಿಯನ್ನೇ ನೊಣದಿಂದ ನೋಂಬಿಗೆ ತಿರುಗಿಸಿದ್ದಳು, ಅದೂ ಒಂದು ಸುಳ್ಳು ಹೇಳದೆ. ಪಳ್ಳಿಯಲ್ಲಿ ಇಶಾ ನಿಸ್ಕಾರದ ಬಾಂಗ್ ಕೂಗಿತು. ಬೀಬಿ, ಹೊತ್ತಾಯಿತು, ಹೊರಡಿ ಎಂದರು. ಶುಕೂರಾಕ ಹೂಂ ಎಂದರು. ಆದರೆ ಬಾಂಗ್ ಮುಗಿಯುವವರೆಗೂ ಅಡುಗೆಮನೆಯ ಮಣೆಯ ಮೇಲೆ, ಹೆಂಡತಿಯ ಹತ್ತಿರ, ಕೂತೇ ಇದ್ದರು.